ಮೂರ್ಖರನ್ನು ಹಡಗು ಹತ್ತಿಸಿದ ಪಂಡಿತ

ಜರ್ಮನ್ ನಾಡುಗಳಲ್ಲಿ ಮುದ್ರಣಯಂತ್ರ ಬಳಕೆಗೆ ಬಂದು ಇನ್ನೂ ಅರ್ಧ ಶತಮಾನವೂ ಕಳೆದಿರಲಿಲ್ಲ. ಆಗಲೇ, ಪುಸ್ತಕಗಳನ್ನು ರಾಶಿ ಹಾಕಿಕೊಂಡು ಓದದೆ ಕೂರುವವರನ್ನು ಮೊದಲ ಅಧ್ಯಾಯದಲ್ಲೇ ಗೇಲಿ ಮಾಡುವ ಕೃತಿಯೊಂದು ಅಚ್ಚಾಯಿತು. 1494ರಲ್ಲಿ ಬಾಸೆಲ್ ನಗರದಲ್ಲಿ ಹೊರಬಂದ ಆ ಕಾವ್ಯವೇ 'ಮೂರ್ಖರ ಹಡಗು'. ಕರ್ತೃ ಸೆಬಾಸ್ಟಿಯನ್ ಬ್ರಾಂಟ್.

ಇಂದು ಫ್ರಾನ್ಸ್‌ಗೆ ಸೇರಿರುವ ಸ್ಟ್ರಾಸ್‌ಬರ್ಗ್‌ನಲ್ಲಿ 1457ರ ಸುಮಾರಿಗೆ ಬ್ರಾಂಟ್ ಜನಿಸಿದ. ತಂದೆ ವಸತಿಗೃಹ ನಡೆಸುತ್ತಿದ್ದ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ 1475ರಲ್ಲಿ ಬಾಸೆಲ್ ವಿಶ್ವವಿದ್ಯಾಲಯ ಸೇರಿ, 1489ರಲ್ಲಿ ನಾಗರಿಕ ಹಾಗೂ ಚರ್ಚ್ ಕಾನೂನುಗಳೆರಡರಲ್ಲೂ ಡಾಕ್ಟರೇಟ್ ಗಳಿಸಿದ. ಅಲ್ಲೇ ಕಾನೂನು ಬೋಧಿಸುತ್ತ, ಮುದ್ರಕರಿಗಾಗಿ ಗ್ರಂಥ ಸಂಪಾದನೆಯನ್ನೂ ಮಾಡುತ್ತಿದ್ದ.

ಲ್ಯಾಟಿನ್ ಪಂಡಿತನಾದರೂ ತನ್ನ ವಿಡಂಬನೆಗೆ ಆತ ಆರಿಸಿಕೊಂಡದ್ದು ಜನರಾಡುವ ಜರ್ಮನ್. 112 ಅಧ್ಯಾಯಗಳಲ್ಲಿ ಜಿಪುಣರು, ಜೂಜುಕೋರರು, ನಕಲಿ ವೈದ್ಯರು, ಚರ್ಚಿನಲ್ಲಿ ಹರಟುವವರು ಎಲ್ಲರೂ ಹಡಗೇರಿದರು. ಪದ್ಯಗಳಿಗೆ ಜೊತೆಯಾಗಿ ಮರದಚ್ಚಿನ ಚಿತ್ರಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಯುವ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್‌ನವೆಂದು ವಿದ್ವಾಂಸರು ಭಾವಿಸುತ್ತಾರೆ. ಕವಿ ತನ್ನನ್ನೂ ಬಿಡಲಿಲ್ಲ. ಗ್ರಂಥದ ಕೊನೆಯ ಭಾಗದಲ್ಲಿ ತಾನೂ ಒಬ್ಬ ಮೂರ್ಖನೆಂದು ಒಪ್ಪಿಕೊಂಡ.

ಜನಪ್ರಿಯತೆಗೆ ತೆತ್ತ ಬೆಲೆ ಕಡಿಮೆಯೇನಲ್ಲ. ಅದೇ ವರ್ಷ ನ್ಯೂರೆಂಬರ್ಗ್, ಆಗ್ಸ್‌ಬರ್ಗ್‌ಗಳ ಮುದ್ರಕರು ಕೃತಿಯನ್ನು ಅನುಮತಿಯಿಲ್ಲದೆ ಅಚ್ಚು ಹಾಕಿದರು. ತವರೂರಿನಲ್ಲಂತೂ ತಾನು ಬರೆಯದ ಸಾಲುಗಳೂ ಸೇರಿಕೊಂಡವು. ಗ್ರಂಥಸ್ವಾಮ್ಯದ ಕಾಯ್ದೆ ಇಲ್ಲದ ಕಾಲವದು. 1499ರ ಆವೃತ್ತಿಯಲ್ಲಿ ಪದ್ಯರೂಪದ ಪ್ರತಿಭಟನೆ ಸೇರಿಸುವುದಷ್ಟೇ ಆತನಿಗೆ ಉಳಿದ ದಾರಿ. ಇತ್ತ ಶಿಷ್ಯ ಯಾಕೋಬ್ ಲೋಹರ್ 1497ರಲ್ಲಿ ಮಾಡಿದ ಲ್ಯಾಟಿನ್ ಅನುವಾದ ಕೃತಿಯನ್ನು ಯುರೋಪಿನುದ್ದಕ್ಕೂ ಒಯ್ದಿತು. 1509ರಲ್ಲಿ ಅಲೆಕ್ಸಾಂಡರ್ ಬಾರ್ಕ್ಲೆಯ ಇಂಗ್ಲಿಷ್ ರೂಪಾಂತರ ಪ್ರಕಟವಾಯಿತು.

1501ರಲ್ಲಿ ಬಾಸೆಲ್ ಸ್ವಿಸ್ ಒಕ್ಕೂಟ ಸೇರಿತು. ಸಾಮ್ರಾಟ ಮ್ಯಾಕ್ಸಿಮಿಲಿಯನ್‌ಗೆ ನಿಷ್ಠನಾಗಿದ್ದ ಬ್ರಾಂಟ್ ಆ ವೇಳೆಗೆ ಸ್ಟ್ರಾಸ್‌ಬರ್ಗ್‌ಗೆ ಮರಳಿದ್ದ. ಅಲ್ಲಿ ನಗರಾಡಳಿತದ ಪ್ರಮುಖ ಕಾರ್ಯದರ್ಶಿಯಾಗಿ ಕೊನೆಯವರೆಗೂ ದುಡಿದ.

ಚರ್ಚಿನ ನಾವೆ ಓಲಾಡುತ್ತಿದೆ, ಅಚ್ಚಿನಮನೆಗಳು ಸುಳ್ಳು ಬೋಧನೆ ಹರಡುತ್ತಿವೆ ಎಂಬ ಆತಂಕ ಈ ಕಾವ್ಯದಲ್ಲೇ ಇತ್ತು. ಮುದ್ರಣದಿಂದಲೇ ಹೆಸರು ಗಳಿಸಿದವನ ಆತಂಕವದು. 1521ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ವರ್ಮ್ಸ್ ಸಭೆಯಲ್ಲಿ ತನ್ನ ಮುದ್ರಿತ ಬರಹಗಳನ್ನು ಹಿಂಪಡೆಯಲು ನಿರಾಕರಿಸಿದ. ಮರುತಿಂಗಳು 10ರಂದು ಬ್ರಾಂಟ್ ಕಣ್ಮುಚ್ಚಿದ. ಉಳಿಯಬೇಕೆಂದು ಆತ ಹಂಬಲಿಸಿದ ಏಕೈಕ ಚರ್ಚು ಒಡೆಯತೊಡಗಿತ್ತು. ಮೂರ್ಖರ ಹಡಗು ಮಾತ್ರ ಮುಳುಗಲಿಲ್ಲ.