ದಾರಿ ಅರಿತು ಮರ ಏರಿದ ಕಾರ್ಬೆಟ್

ಬೇಟೆಗಾರನು ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಪ್ರಾಣಿಯ ಬರವನ್ನು ಕಾಯುವುದಕ್ಕೆ ನಮ್ಮ ಮಲೆನಾಡಿನಲ್ಲಿ ಮರಸು ಕೂರುವುದು ಎಂಬ ಮಾತಿದೆ. ಉತ್ತರ ಭಾರತದಲ್ಲಿ ಆ ಅಟ್ಟಣೆಗೆ ಮಚಾನ್ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಶೋಕಿಗೆ ನಮ್ಮಲ್ಲಿ ಅವಕಾಶವಿಲ್ಲ; ಇರಬೇಕೆಂದು ವಾದಿಸುವವನೂ ನಾನಲ್ಲ. ಆದರೆ ಮರಸು ಕೂರುವವನು ಮೊದಲು ಎದುರಿಸುತ್ತಿದ್ದ ಪ್ರಶ್ನೆಯೊಂದು ಬೇಟೆಯ ಜೊತೆಗೆ ಅಳಿದುಹೋಗಿಲ್ಲ. ಯಾವ ಮರವನ್ನು ಆರಿಸಬೇಕು? ತನಗೆ ಏರಲು ಅನುಕೂಲವಾದದ್ದನ್ನೋ, ಪ್ರಾಣಿಯ ಹಾದಿಯಲ್ಲಿರುವುದನ್ನೋ? ಜಿಮ್ ಕಾರ್ಬೆಟ್ ಅವರ ಬದುಕನ್ನು ಈ ಪ್ರಶ್ನೆಯ ಮೂಲಕ ನೋಡಿದರೆ, ಆಡಳಿತದ ಕುರ್ಚಿಯಲ್ಲಿ ಆಯುಷ್ಯ ಕಳೆದ ನನ್ನಂಥವನಿಗೂ ಅದರಲ್ಲಿ ಪಾಠವಿದೆ.

ಕಾರ್ಬೆಟ್ ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲ್‌ನಲ್ಲಿ. ತಂದೆ ಅಲ್ಲಿನ ಪೋಸ್ಟ್ ಮಾಸ್ಟರ್. ಮಗನಿಗೆ ಆರು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ದೊಡ್ಡ ಸಂಸಾರ, ಸಣ್ಣ ಆದಾಯ. ಚಳಿಗಾಲದಲ್ಲಿ ಕುಟುಂಬ ಕಾಲಾಢುಂಗಿಗೆ ಇಳಿಯುತ್ತಿತ್ತು. ಅಲ್ಲಿನ ಕಾಡೇ ಬಾಲಕನ ಪಾಠಶಾಲೆಯಾಯಿತು. ಹಕ್ಕಿಯ ಎಚ್ಚರಿಕೆಯ ಕೂಗು, ಧೂಳಿನಲ್ಲಿ ಮೂಡಿದ ಹೆಜ್ಜೆ, ಗಾಳಿಯ ದಿಕ್ಕು, ಇವೆಲ್ಲವನ್ನೂ ಅಕ್ಷರದಂತೆ ಓದಲು ಅವರು ಕಲಿತರು. ಹದಿಹರೆಯದಲ್ಲೇ ರೈಲ್ವೆ ಕೆಲಸಕ್ಕೆ ಸೇರಿ, ಬಿಹಾರದ ಮೊಕಾಮೆ ಘಾಟ್‌ನಲ್ಲಿ ಗಂಗೆಯ ದಂಡೆಯ ಮೇಲೆ ಸರಕು ಸಾಗಿಸುವ ಗುತ್ತಿಗೆಯನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ನಿರ್ವಹಿಸಿದರು. ನರಭಕ್ಷಕಗಳ ಬೇಟೆ ಅವರ ವೃತ್ತಿಯಾಗಿರಲಿಲ್ಲ. ರಜೆ ಹಾಕಿ ಮಾಡುತ್ತಿದ್ದ ಕೆಲಸವಾಗಿತ್ತು.

1907ರಲ್ಲಿ ಅವರು ಕೊಂದ ಚಂಪಾವತ್‌ನ ಹೆಣ್ಣು ಹುಲಿ ನೇಪಾಳ ಮತ್ತು ಕುಮಾಂವ್‌ಗಳಲ್ಲಿ 436 ಮಂದಿಯನ್ನು ಬಲಿ ತೆಗೆದುಕೊಂಡಿತ್ತು. ಆ ಕೆಲಸ ಒಪ್ಪಿಕೊಳ್ಳುವಾಗ ಅವರು ಸರ್ಕಾರಕ್ಕೆ ಎರಡು ಷರತ್ತು ಹಾಕಿದರು: ಘೋಷಿಸಿದ ಬಹುಮಾನವನ್ನು ರದ್ದುಪಡಿಸಬೇಕು, ಉಳಿದ ಬೇಟೆಗಾರರನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು. ಅರ್ಥಶಾಸ್ತ್ರ ಓದಿದ ನನಗೆ ಈ ಷರತ್ತುಗಳು ಬಹುಕಾಲ ವಿಚಿತ್ರವಾಗಿ ಕಂಡಿದ್ದವು. ಬಹುಮಾನ ಹೆಚ್ಚಿಸಿದರೆ ಪ್ರಯತ್ನ ಹೆಚ್ಚುತ್ತದೆ ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಪ್ರಯತ್ನ ಹೆಚ್ಚಿದಷ್ಟೂ ಕಾಡಿನಲ್ಲಿ ಗದ್ದಲ ಹೆಚ್ಚುತ್ತದೆ, ಒಬ್ಬರ ಗುಂಡು ಇನ್ನೊಬ್ಬರಿಗೆ ತಗಲುವ ಅಪಾಯವೂ ಹೆಚ್ಚುತ್ತದೆ ಎಂಬುದು ಕಾಡಿನ ಪಾಠ.

ಮರ ಆರಿಸುವ ಕಷ್ಟ ಎಷ್ಟೆಂಬುದು 1910ರಲ್ಲಿ ಪನಾರ್‌ನ ಚಿರತೆಯ ಎದುರು ಚೆನ್ನಾಗಿ ತಿಳಿಯಿತು. ಅದರ ಬಲಿಗಳ ಸಂಖ್ಯೆ ಸುಮಾರು 400. ಹುಲಿ ಸಾಮಾನ್ಯವಾಗಿ ಮರ ಹತ್ತುವುದಿಲ್ಲ. ಚಿರತೆಗೆ ಮರವೆಂದರೆ ಮನೆಯ ಮೆಟ್ಟಿಲು. ಸಿಕ್ಕಿದ್ದು ವಾಲಿ ನಿಂತ ಒಂದು ಹಳೆಯ ಓಕ್ ಮರ. ಅದರ ಕಾಂಡಕ್ಕೆ ಮುಳ್ಳಿನ ಕೊಂಬೆಗಳನ್ನು ಬಿಗಿಯಾಗಿ ಕಟ್ಟಿಸಿಕೊಂಡು ಅವರು ಕುಳಿತರು. ಕತ್ತಲಾದ ಮೇಲೆ ಚಿರತೆ ಮುಂದೆ ಕಟ್ಟಿದ್ದ ಮೇಕೆಯ ಕಡೆ ಹೋಗದೆ, ಬೆನ್ನ ಹಿಂದೆ ಬಂದು ಆ ಮುಳ್ಳುಕೊಂಬೆಗಳನ್ನೇ ಹಲ್ಲಿನಿಂದ ಜಗ್ಗತೊಡಗಿತು. ಕಟ್ಟು ಸಡಿಲವಾಗಿದ್ದರೆ ಕಾರ್ಬೆಟ್ ಅವರ ಕಥೆ ಅಂದೇ ಮುಗಿಯುತ್ತಿತ್ತು. ಕೊನೆಗೆ ಅದು ಮೇಕೆಯ ಮೇಲೆರಗಿದಾಗ ಗುಂಡು ಹಾರಿಸಿ ಗಾಯಗೊಳಿಸಿದರು; ಅದೇ ರಾತ್ರಿ ಹಳ್ಳಿಗರು ಹಿಡಿದ ಪಂಜಿನ ಬೆಳಕಿನಲ್ಲಿ ಹುಡುಕಿ ಕೊಂದರು.

ನಮ್ಮ ಓದುಗರಲ್ಲಿ ಅನೇಕರು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದ ಮೂಲಕ ಬಲ್ಲ ರುದ್ರಪ್ರಯಾಗದ ಪ್ರಸಂಗ ಇದಕ್ಕಿಂತ ದೀರ್ಘವಾದದ್ದು. ಕೇದಾರ, ಬದರಿಗಳಿಗೆ ಹೋಗುವ ಯಾತ್ರಿಕರ ಹಾದಿಯಲ್ಲಿ 1918ರಿಂದ 1926ರವರೆಗೆ ಒಂದು ಚಿರತೆ, ಸರ್ಕಾರಿ ಲೆಕ್ಕದಂತೆಯೇ, 125 ಜನರನ್ನು ಕೊಂದಿತು. ಆಡಳಿತ ಸುಮ್ಮನಿರಲಿಲ್ಲ. ಗಢವಾಲದಲ್ಲಿದ್ದ 4,000 ಬಂದೂಕು ಪರವಾನಗಿಗಳ ಜೊತೆಗೆ 300 ವಿಶೇಷ ಪರವಾನಗಿಗಳನ್ನು ಕೊಟ್ಟಿತು. 10,000 ರೂಪಾಯಿ ನಗದು ಮತ್ತು ಎರಡು ಹಳ್ಳಿಗಳ ಬಹುಮಾನ ಸಾರಿತು. ಬೋನು, ವಿಷ ಎಲ್ಲವನ್ನೂ ಪ್ರಯೋಗಿಸಿತು. ಫಲ ಶೂನ್ಯ.

ಕಾರ್ಬೆಟ್ ಕೂಡ ಮೊದಲು ಸೋತರು. ಚಿರತೆ ಅಲಕನಂದಾ ನದಿಯನ್ನು ದಾಟುವುದು ಸೇತುವೆಯ ಮೂಲಕವೇ ಎಂದು ಊಹಿಸಿ, ರುದ್ರಪ್ರಯಾಗದ ತೂಗುಸೇತುವೆಯ ಗೋಪುರದ ಮೇಲೆ ಇಪ್ಪತ್ತು ರಾತ್ರಿ ಕುಳಿತರು. ಕೊರೆಯುವ ಗಾಳಿಯಲ್ಲಿ ಚಿರತೆ ಬರಲಿಲ್ಲ. 1925ರ ಕೊನೆಯಲ್ಲಿ ದಣಿದು ಹಿಂತಿರುಗಿದರು. ಮರುವರ್ಷ ಮತ್ತೆ ಬಂದು ಮಾಡಿದ ಕೆಲಸ ಸರಳವಾದದ್ದು: ಹೆಜ್ಜೆಗಳನ್ನು ಎಣಿಸಿದರು. ರುದ್ರಪ್ರಯಾಗ ಮತ್ತು ಗೋಲಾಬ್ರಾಯ್ ನಡುವಿನ ರಸ್ತೆಯಲ್ಲಿ ಚಿರತೆ ಸರಾಸರಿ ಐದು ದಿನಕ್ಕೊಮ್ಮೆ ನಡೆಯುತ್ತದೆ ಎಂಬ ಲೆಕ್ಕ ಸಿಕ್ಕಿತು. ಹಾಗಾಗಿ ಆ ರಸ್ತೆಯ ಅಂಚಿನ ಮಾವಿನ ಮರವನ್ನು ಆರಿಸಿದರು. ಕೆಳಗೆ ಕೊರಳಿಗೆ ಗಂಟೆ ಕಟ್ಟಿದ ಮೇಕೆ. ಹತ್ತು ರಾತ್ರಿ ವ್ಯರ್ಥವಾದವು. ಹನ್ನೊಂದನೆಯ ರಾತ್ರಿ ಗಂಟೆ ಜೋರಾಗಿ ಅಲುಗಿತು. ಒಂದೇ ಗುಂಡು. ಬೆಳಗಾದಾಗ ಮುದಿ ಗಂಡು ಚಿರತೆಯೊಂದು ಸತ್ತು ಬಿದ್ದಿತ್ತು.

ಈ ಕಾಲದಲ್ಲಿ ಗಢವಾಲದ ಡೆಪ್ಯುಟಿ ಕಮಿಷನರ್ ಆಗಿದ್ದವರು ಇಬ್ಬಟ್ಸನ್. ಕಚೇರಿಯಲ್ಲಿ ವರದಿಗೆ ಕಾಯದೆ, ಕಾರ್ಬೆಟ್ ಜೊತೆ ತಾವೂ ಮರದ ಮೇಲೆ ರಾತ್ರಿ ಕಳೆದ ಅಧಿಕಾರಿ ಅವರು. ಅವರನ್ನು ನೆನೆದಾಗಲೆಲ್ಲ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಸೇವೆಯ ಆರಂಭದ ವರ್ಷಗಳಲ್ಲಿ ಕಾಡಂಚಿನ ತಾಲ್ಲೂಕೊಂದರಲ್ಲಿದ್ದೆ. ಚಿರತೆಯ ಕಾಟವೆಂದು ಹಳ್ಳಿಯವರು ಬಂದರು. ಬೋನು ಇಡುವ ಜಾಗದ ಪ್ರಸ್ತಾವ ಕಡತದಲ್ಲಿ ಬಂತು. ಜೀಪು ಹೋಗಲು ಅನುಕೂಲವಾದ ರಸ್ತೆ ಬದಿ. ಸ್ಥಳ ನೋಡದೆ ಒಪ್ಪಿಗೆ ಹಾಕಿದೆ. ಮೂರು ವಾರ ಬೋನು ಖಾಲಿ ನಿಂತಿತು. ಆ ಮೂರು ವಾರಗಳಲ್ಲಿ ಒಬ್ಬ ವಿಧವೆ ತನ್ನ ಐದು ಮೇಕೆಗಳಲ್ಲಿ ನಾಲ್ಕನ್ನು ಕಳೆದುಕೊಂಡಳು. ಕೊನೆಗೆ ನಾನೇ ಹೋದಾಗ, ದನ ಕಾಯುವ ಮುದುಕನೊಬ್ಬ ಚಿರತೆ ಓಡಾಡುವ ಹಳ್ಳದ ಜಾಡನ್ನು ಬೆರಳು ಮಾಡಿ ತೋರಿಸಿದ. ರಸ್ತೆಯಿಂದ ಹೆಚ್ಚು ದೂರವೂ ಇರಲಿಲ್ಲ. ಇದುವರೆಗೆ ಅವನನ್ನು ಯಾರೂ ಕೇಳಿರಲಿಲ್ಲ. ಬೋನನ್ನು ಅಲ್ಲಿಗೆ ಸಾಗಿಸಿದ ನಾಲ್ಕನೆಯ ರಾತ್ರಿ ಚಿರತೆ ಸೆರೆಯಾಯಿತು. ಪರಿಹಾರದ ಹಣ ಆ ಹೆಂಗಸಿನ ಕೈ ಸೇರುವ ಹೊತ್ತಿಗೆ ಆಕೆ ಉಳಿದೊಂದು ಮೇಕೆಯನ್ನೂ ಮಾರಿಬಿಟ್ಟಿದ್ದಳು.

ಕಾರ್ಬೆಟ್ ಅವರನ್ನು ದೇವರಾಗಿಸುವ ಅಗತ್ಯವಿಲ್ಲ. 1930ರಲ್ಲಿ ಅವರು ಹೊಡೆದ ಪೊವಾಲ್‌ಗಢದ ಪ್ರಸಿದ್ಧ ಹುಲಿ ನರಭಕ್ಷಕವಾಗಿರಲಿಲ್ಲ. ವೈಸರಾಯ್ ಲಿನ್ಲಿತ್‌ಗೊ ಅವರಿಗಾಗಿ ಹುಲಿಬೇಟೆಗಳನ್ನು ಏರ್ಪಡಿಸಿದವರೂ ಅವರೇ. ಆದರೆ ಕಾಲ ಸರಿದಂತೆ ಕೋವಿಗಿಂತ ಸಿನಿಮಾ ಕ್ಯಾಮೆರಾ ಅವರಿಗೆ ಪ್ರಿಯವಾಯಿತು. 1936ರಲ್ಲಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಕುಮಾಂವ್ ತಪ್ಪಲಿನಲ್ಲಿ ರೂಪುಗೊಳ್ಳಲು ಅವರ ಒತ್ತಾಸೆಯಿತ್ತು. 1938ರಲ್ಲಿ, ಅರವತ್ಮೂರರ ವಯಸ್ಸಿನಲ್ಲಿ, ಠಾಕ್‌ನ ಹೆಣ್ಣು ಹುಲಿಯನ್ನು ಗಂಡು ಹುಲಿಯಂತೆ ಕೂಗಿ ಕರೆದು ಕೊಂದದ್ದೇ ಅವರ ಕೊನೆಯ ನರಭಕ್ಷಕ ಬೇಟೆ. ಆ ಅನುಭವಗಳಲ್ಲಿ ಹಲವು 1944ರಲ್ಲಿ ಕುಮಾಂವ್‌ನ ನರಭಕ್ಷಕಗಳ ಪುಸ್ತಕವಾಗಿ ಬಂದು ಲೋಕಪ್ರಸಿದ್ಧವಾದವು.

1947ರಲ್ಲಿ ಅಕ್ಕ ಮ್ಯಾಗಿಯೊಡನೆ ಅವರು ಕೀನ್ಯಾಕ್ಕೆ ತೆರಳಿ ನ್ಯೇರಿಯಲ್ಲಿ ನೆಲೆಸಿದರು. ಅಲ್ಲಿಯೂ ಮರ ಅವರನ್ನು ಬಿಡಲಿಲ್ಲ. ಟ್ರೀಟಾಪ್ಸ್ ಎಂಬ, ಅತ್ತಿಯ ಜಾತಿಯ ಬೃಹತ್ ಮರದಲ್ಲಿ ಕಟ್ಟಿದ್ದ ಅಟ್ಟಣೆಗೆ 1952ರ ಫೆಬ್ರುವರಿಯಲ್ಲಿ ರಾಜಕುಮಾರಿ ಎಲಿಜಬೆತ್ ಬಂದಾಗ ಕಾರ್ಬೆಟ್ ಜೊತೆಗಿದ್ದರು. ಆ ರಾತ್ರಿಯೇ ಅತ್ತ ಸ್ಯಾಂಡ್ರಿಂಗ್‌ಹ್ಯಾಮ್‌ನಲ್ಲಿ ಆಕೆಯ ತಂದೆ ತೀರಿಕೊಂಡು, ರಾಜಕುಮಾರಿಯಾಗಿ ಏರಿದಾಕೆ ರಾಣಿಯಾಗಿ ಇಳಿದರು. ಆ ಅಟ್ಟಣೆ ಕೊಲ್ಲಲು ಕಟ್ಟಿದ್ದಲ್ಲ, ನೀರಿಗೆ ಬರುವ ಪ್ರಾಣಿಗಳನ್ನು ನೋಡಲು ಕಟ್ಟಿದ್ದು. ಕಾರ್ಬೆಟ್ ಬರೆದ ಕೊನೆಯ ಪುಸ್ತಕ ಅದರ ಕುರಿತಾದದ್ದೇ. 1955ರ ಏಪ್ರಿಲ್ 19ರಂದು ಅವರು ನಿಧನರಾದರು. ಕೆಲವೇ ವರ್ಷಗಳಲ್ಲಿ ಆ ರಾಷ್ಟ್ರೀಯ ಉದ್ಯಾನಕ್ಕೆ ಅವರ ಹೆಸರು ಬಂತು.

1973ರಲ್ಲಿ ಹುಲಿ ಯೋಜನೆ ಆರಂಭವಾದದ್ದು ಅದೇ ಉದ್ಯಾನದಿಂದ. ಮೊದಲ ಒಂಬತ್ತು ಮೀಸಲು ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು, ಉತ್ತರಾಖಂಡದಲ್ಲಿ 560. ಹೆಮ್ಮೆಯ ಸಂಗತಿ. ಆದರೆ ಹೆಮ್ಮೆ ಎಲ್ಲರದು, ನಷ್ಟ ಮಾತ್ರ ಕಾಡಂಚಿನವರದು ಎಂದಾದರೆ ಆ ಲೆಕ್ಕ ಬಹುಕಾಲ ನಿಲ್ಲದು. ಬೋನು, ಕಂದಕ, ಬೇಲಿ, ಕ್ಯಾಮೆರಾ, ಪರಿಹಾರ ಕೇಂದ್ರ, ಇವೆಲ್ಲವೂ ಇಂದಿನ ಅಟ್ಟಣೆಗಳು. ಅವುಗಳ ಜಾಗವನ್ನು ಗೊತ್ತುಪಡಿಸುವ ಅಧಿಕಾರಿ ಸಹಿ ಹಾಕುವ ಮುನ್ನ ಒಂದು ದಿನ ಆ ಹಾದಿಯಲ್ಲಿ ನಡೆಯಲಿ. ದನ ಕಾಯುವವನನ್ನು ಮಾತನಾಡಿಸಲಿ. ನಾನು ಮೂರು ವಾರ ತಡವಾಗಿ ಮಾಡಿದ ಕೆಲಸ ಅದು.