ಮಕ್ಕಳ ಪ್ರಶ್ನೆಗೆ ಓಗೊಟ್ಟ ಶಿವರಾಮ ಕಾರಂತರು

ಮಾತು ಕಲಿತ ಕೂಸಿನ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ನುಡಿ ‘ಯಾಕೆ’ ಎಂಬುದು. ಬೇಸಿಗೆಯಲ್ಲಿ ಜಕ್ಕಲಿಯ ಹೊಲದ ಬದುವಿನ ಮೇಲೆ ನಿಂತ ಮಗು, ಎರೆಭೂಮಿ ಹೀಗೇಕೆ ಬಾಯಿ ಬಿಟ್ಟಿದೆಯೆಂದು ಕೇಳುತ್ತದೆ. ಉತ್ತರ ಬಲ್ಲವರಿಗೆ ಪುರಸೊತ್ತಿಲ್ಲ. ಪುರಸೊತ್ತಿದ್ದವರು ಸುಮ್ಮನಿರೆಂದು ಗದರುತ್ತಾರೆ. ಇಂಥ ಪ್ರಶ್ನೆಗಳಿಗಾಗಿ ತಮ್ಮ ಆಯುಷ್ಯದ ದೊಡ್ಡ ಪಾಲನ್ನು ಮೀಸಲಿರಿಸಿದ ಹಿರಿಯ ಸಾಹಿತಿಗಳು ಕನ್ನಡದಲ್ಲಿ ವಿರಳ. ಆ ವಿರಳರಲ್ಲಿ ಡಾ. ಕೋಟ ಶಿವರಾಮ ಕಾರಂತರು ಅಗ್ರಗಣ್ಯರು.

1902ನೆಯ ಇಸವಿ ಅಕ್ಟೋಬರ್ 10ರಂದು ದಕ್ಷಿಣ ಕನ್ನಡದ ಕೋಟದಲ್ಲಿ ಜನಿಸಿದ ಕಾರಂತರು, ಗಾಂಧೀಜಿಯವರ ಅಸಹಕಾರದ ಕರೆಗೆ ಮನಸೋತು ಕಾಲೇಜನ್ನು ತೊರೆದರು. ಅಲ್ಲಿಂದ ಮುಂದೆ ಅವರಿಗೆ ಗುರುವೆಂದರೆ ತಮ್ಮದೇ ಕುತೂಹಲ. ಪುತ್ತೂರಿನಲ್ಲಿ ನೆಲೆನಿಂತು, ತಮ್ಮ ನಿವಾಸಕ್ಕೆ ಬಾಲವನವೆಂದು ಹೆಸರಿಟ್ಟರು. ಆಟ, ಕುಣಿತ, ನಾಟಕ, ಚಿತ್ರಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗಗಳನ್ನು ಅಲ್ಲಿ ನಡೆಯಿಸಿದರು. ಬೆತ್ತಕ್ಕೂ ಬಾಯಿಪಾಠಕ್ಕೂ ಹೆಚ್ಚಿನ ಮನ್ನಣೆಯಿದ್ದ ಕಾಲವದು.

ಬಾಲವನದ ಈ ಕೆಲಸಕ್ಕಿಂತ ದೂರ ಹಬ್ಬಿದ್ದು ಅವರ ‘ಬಾಲಪ್ರಪಂಚ’. ಇಂಗ್ಲಿಷ್ ಓದಬಲ್ಲ ಮಗುವಿಗೆ ಚಿತ್ರಗಳಿಂದ ತುಂಬಿದ ವಿಶ್ವಕೋಶಗಳು ದೊರೆಯುತ್ತಿದ್ದವು. ಕನ್ನಡದ ಮಗುವಿಗೆ ಅಂಥದೊಂದು ಇರಲಿಲ್ಲ. ‘ಚೋಮನ ದುಡಿ’ಯನ್ನು ಬರೆದು ಹೆಸರು ಪಡೆದಿದ್ದ ಕಾದಂಬರಿಕಾರರು, 1930ರ ದಶಕದಲ್ಲಿ, ಆ ಕೊರತೆಯನ್ನು ನೀಗಲು ಒಬ್ಬರೇ ಹೊರಟು 3 ಸಂಪುಟಗಳನ್ನು ಸಿದ್ಧಪಡಿಸಿದರು. ಪಂಡಿತ ಮಂಡಲಿಯೊಂದು ಮಾಡಬೇಕಾದ ಕೆಲಸವದು. ಕಡಲನ್ನು ಕಾಣದ ರೋಣ ಸೀಮೆಯ ಹುಡುಗನಿಗೂ ಎರೆಹೊಲವನ್ನು ಕಾಣದ ಕರಾವಳಿಯ ಹುಡುಗಿಗೂ ತಾಯ್ನುಡಿಯಲ್ಲೇ ಜಗತ್ತನ್ನು ತೋರಿಸಬೇಕೆಂಬುದು ಆ ಸಾಹಸದ ಹಿಂದಿದ್ದ ಹಂಬಲ. ಮುಂದೆ 1959ರಿಂದ 1964ರ ಅವಧಿಯಲ್ಲಿ ‘ವಿಜ್ಞಾನ ಪ್ರಪಂಚ’ದ 4 ಸಂಪುಟಗಳೂ ಹೊರಬಂದವು.

ವಿಜ್ಞಾನದ ಪದವಿ ಅವರಿಗಿರಲಿಲ್ಲ. ಅದೊಂದು ಕೊರತೆಯೆಂದು ಬಗೆಯಬೇಕಾಗಿಲ್ಲ. ತಾವೇ ಓದಿ, ಕೇಳಿ, ನೋಡಿ ಕಲಿತವರಾದುದರಿಂದ ಕಲಿಯುವವನು ಎಲ್ಲಿ ಎಡವುತ್ತಾನೆಂಬುದನ್ನು ಅವರು ಬಲ್ಲವರಾಗಿದ್ದರು. ಎರೆಮಣ್ಣಿನ ಜೇಡಿ ಮಳೆನೀರು ಹೀರಿ ಉಬ್ಬುತ್ತದೆ, ಬಿಸಿಲಿಗೆ ಒಣಗಿದಾಗ ಕುಗ್ಗಿ ಸೀಳುತ್ತದೆ. ಇಷ್ಟನ್ನು ಹೇಳಲು ಎರಡು ಮಾತು ಸಾಕು. ಆದರೆ ಆ ಎರಡು ಮಾತನ್ನು ಮಗುವಿಗೆ ತಿಳಿಯುವಂತೆ ಹೇಳಬೇಕಾದರೆ ಹಿರಿಯನು ಮೊದಲು ತಾನು ತಿಳಿದಿರಬೇಕು, ತಿಳಿಯದಿದ್ದರೆ ಹುಡುಕಬೇಕು. ಬಹುಮಂದಿ ಹಿರಿಯರು ಗದರುವುದು ಈ ಶ್ರಮವನ್ನು ತಪ್ಪಿಸಿಕೊಳ್ಳಲೆಂದೇ ಇರಬಹುದೇನೋ!

1977ರ ಜ್ಞಾನಪೀಠ ಪ್ರಶಸ್ತಿಯ ಬಳಿಕ ನಾಡೆಲ್ಲ ಅವರನ್ನು ವೇದಿಕೆಗಳಿಗೆ ಕರೆಯುತ್ತಿತ್ತು. ಅದರ ನಡುವೆಯೂ, 80 ದಾಟಿದ ವಯಸ್ಸಿನಲ್ಲಿ, ಅವರು ಮತ್ತೆ ಮಕ್ಕಳೆಡೆಗೆ ಬಂದರು. ‘ತರಂಗ’ ವಾರಪತ್ರಿಕೆಯ ‘ಬಾಲವನದಲ್ಲಿ ಕಾರಂತಜ್ಜ’ ಅಂಕಣಕ್ಕೆ ಮಕ್ಕಳು ಪತ್ರ ಬರೆದು ಪ್ರಶ್ನೆ ಕೇಳುವರು. ಅಜ್ಜನು ಅಚ್ಚಿನಲ್ಲೇ ಉತ್ತರಿಸುವನು. ಮನೆಯಲ್ಲಿ ಅಧಿಕಪ್ರಸಂಗವೆನಿಸಿಕೊಂಡ ಪ್ರಶ್ನೆಯೊಂದು ನಾಡಿನ ಹಿರಿಯ ಲೇಖಕರ ಉತ್ತರದೊಡನೆ ಪತ್ರಿಕೆಯಲ್ಲಿ ಮೂಡಿದಾಗ, ಕೇಳಿದ ಕೂಸಿನ ಎದೆಗೆ ಎಂಥ ಬಲ ಬಂದಿರಬೇಕು!

ದೇವರ ವಿಷಯದಲ್ಲಿಯೂ ತಮ್ಮ ಅನುಭವಕ್ಕೆ ಬಾರದುದನ್ನು ಒಪ್ಪದವರು ಕಾರಂತರು. ಆ ನಿಲುವು ಭಕ್ತಹೃದಯಗಳಿಗೆ ಒಗ್ಗದಿರಬಹುದು. ಆದರೆ ತಿಳಿಯದುದನ್ನು ತಿಳಿದಂತೆ ನಟಿಸದಿರುವ ಆ ನಿಷ್ಠೆ, ಮಕ್ಕಳ ಮುಂದೆ ನಿಲ್ಲುವ ಪ್ರತಿಯೊಬ್ಬ ಶಿಕ್ಷಕನಿಗೂ ಬೇಕಾದದ್ದು. ಮಗು ಹಿರಿಯರ ಅಜ್ಞಾನವನ್ನು ಕ್ಷಮಿಸುತ್ತದೆ. ಸೋಗನ್ನು ಬಹುಬೇಗ ಗುರುತಿಸುತ್ತದೆ.

ಕಾದಂಬರಿ, ಯಕ್ಷಗಾನ, ಪ್ರವಾಸ, ಪರಿಸರ ಹೋರಾಟಗಳ ಕತೆ ಬೇರೆಯೇ ಇದೆ. ಕೊನೆಗಾಲವನ್ನು ಕೋಟದ ನೆರೆಯ ಸಾಲಿಗ್ರಾಮದಲ್ಲಿ ಕಳೆದ ಅವರು 1997ರ ಡಿಸೆಂಬರ್ 9ರಂದು ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ, 95ರ ಇಳಿವಯಸ್ಸಿನಲ್ಲಿ, ಅವರು ಬರೆದದ್ದು ಹಕ್ಕಿಗಳನ್ನು ಕುರಿತ ಒಂದು ಪುಸ್ತಕವನ್ನು.