ಕಳವಳವನ್ನು ಗೆದ್ದ ಸಂತ ಫ್ರಾನ್ಸಿಸ್ ದೆ ಸೇಲ್ಸ್



ಸಾಲದ ಚಿಂತೆ, ಮಕ್ಕಳ ಚಿಂತೆ, ಕಾಯಿಲೆಯ ಚಿಂತೆ ಹೊತ್ತುಕೊಂಡೇ ನಾವು ಬೆಟ್ಟ ಹತ್ತುತ್ತೇವೆ. ಸಂತರಿಗೆ ಇಂಥ ಕಳವಳ ಇರಲಿಲ್ಲ ಅಂತ ತಿಳಿಯಬೇಡಿ.

ಫ್ರಾನ್ಸಿಸರು 1567ರಲ್ಲಿ, ಈಗ ಫ್ರಾನ್ಸ್ ದೇಶಕ್ಕೆ ಸೇರಿರುವ ಸವಾಯ್ ಸೀಮೆಯ ದೊಡ್ಡ ಮನೆತನದಲ್ಲಿ ಹುಟ್ಟಿದರು. ಓದಲು ಪ್ಯಾರಿಸ್ ಪಟ್ಟಣಕ್ಕೆ ಹೋದರು. ಯಾರಿಗೆ ಮೋಕ್ಷ, ಯಾರಿಗೆ ನರಕ ಎಂಬುದನ್ನು ದೇವರು ಮೊದಲೇ ತೀರ್ಮಾನಿಸಿದ್ದಾರೆಯೇ ಎಂಬ ವಾದ ಆಗ ಜೋರಾಗಿತ್ತು. 1586ರ ಕೊನೆಯಲ್ಲಿ, 19ನೇ ವಯಸ್ಸಿನಲ್ಲಿ, ತನಗೆ ನರಕವೇ ಗತಿ ಅನ್ನೋ ಭಯ ಅವರನ್ನು ಹಿಡಿಯಿತು. ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಸುಮಾರು ಆರು ವಾರ ನರಳಿದರು.

1587ರ ಜನವರಿಯಲ್ಲಿ ಸಂತ ಸ್ತೇಫನರ ಹೆಸರಿನ ಚರ್ಚಿಗೆ ಹೋಗಿ, ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಮೊಣಕಾಲೂರಿದರು. ಸತ್ತ ಮೇಲೆ ಏನೇ ಆಗಲಿ, ಬದುಕಿರುವಷ್ಟು ದಿನವಾದರೂ ದೇವರನ್ನು ಪ್ರೀತಿಸುತ್ತೇನೆ ಎಂದು ನಿಶ್ಚಯಿಸಿ ತಮ್ಮನ್ನು ಪೂರ್ತಿ ಅವರ ಕೈಗೆ ಒಪ್ಪಿಸಿಬಿಟ್ಟರು. ಭಯ ಇಳಿದುಹೋಯಿತು.

1593ರಲ್ಲಿ ಗುರುಗಳಾದರು, 1602ರಲ್ಲಿ ಜಿನೀವಾದ ಧರ್ಮಾಧ್ಯಕ್ಷರಾದರು. ಭಕ್ತಿಯ ಬದುಕಿನ ಬಗ್ಗೆ 1609ರಲ್ಲಿ ಹೊರತಂದ ಪುಸ್ತಕದಲ್ಲಿ ಕಳವಳಕ್ಕೇ ಒಂದು ಅಧ್ಯಾಯ ಇಟ್ಟರು. ಬಲೆಗೆ ಬಿದ್ದ ಹಕ್ಕಿ ಒದ್ದಾಡಿದಷ್ಟೂ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಮನಸ್ಸನ್ನು ಶಾಂತ ಮಾಡಿಕೊಳ್ಳಬೇಕು, ಪ್ರಾರ್ಥಿಸಬೇಕು, ಗುರುಗಳ ಅಥವಾ ಆಪ್ತರ ಹತ್ತಿರ ಹೇಳಿಕೊಳ್ಳಬೇಕು ಅಂತ ಅಲ್ಲಿ ತಿಳಿಸಿದ್ದಾರೆ. ತಾವೇ ಅನುಭವಿಸಿದವರ ಮಾತು ಅದು.

1622ರಲ್ಲಿ ತೀರಿಕೊಂಡ ಅವರಿಗೆ 1665ರಲ್ಲಿ ಸಂತ ಪದವಿ ದೊರೆಯಿತು. ಜನವರಿ 24 ಅವರ ಹಬ್ಬ.

ನಿಮ್ಮ ಭಾರವನ್ನೂ ಇಲ್ಲಿ ಪ್ರಭುವಿನ ಪಾದದಲ್ಲಿ ಇಳಿಸಿ, ಹಗುರವಾಗಿ ಬೆಟ್ಟ ಇಳಿಯಿರಿ.

ಸಂತ ಫ್ರಾನ್ಸಿಸರೇ, ನಮಗಾಗಿ ಪ್ರಾರ್ಥಿಸಿರಿ.